ಗಾಜಿನಂಗಡಿಯ ಟ್ರೇಲರು

ಅಕ್ಕಲಕೋಟೆ
18 ನವೆಂಬರ್ 2024

ಗುರುಸಿದ್ಧನ ಅಪ್ಪನವರಿಗೆ ಶರಣು.

ಫೋನಿನಲ್ಲಿ ಮಾತಾಡಿದರೆ ನಡುವೆ ಯಾರೋ ಗಿರಾಕಿ ಬಂದು ಡಜನ್ನಿನ ದರ ಕೇಳುತ್ತಾರೆ. ನೀವು "ತಡಿ, ಆಮ್ಯಾಲ ಮಾತಾಡ್ತೀನಿ" ಅಂದು ನನ್ನನ್ನು ಅಲ್ಲೇ ಬಿಟ್ಟುಬಿಡುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇನ್ನೊಂದು ಅನುಕೂಲವೂ ಇದೆ. ಮರಾಠಿ ಶಾಲೆಯಲ್ಲಿ ಕಲಿತ ಮಗನಿಗೂ ಸೊಸೆಗೂ ಕನ್ನಡ ಓದಲು ಬಾರದು. ಪೂನಮ ಲಕೋಟೆ ಒಡೆದರೂ ಅವಳಿಗೆ ಕಾಣುವುದು ಸಾಲು ಸಾಲು ಗುಂಡಕ್ಷರ ಮಾತ್ರ.

ನಾವು ಮೂವರೂ ಕ್ಷೇಮ. ನಾನು ಮತ್ತು ನಿಮ್ಮ ಅಕ್ಕ ಕಸ್ತೂರಬಾಯಿ ಟ್ರೇಲರಿನೊಳಗೆ ಮಲಗುತ್ತೇವೆ. ಡ್ರೈವರ್ ಸೈದಪ್ಪ ಅದನ್ನು ಎಳೆಯುವ ಜೀಪಿನಲ್ಲಿ. ಯಾತ್ರಿಕರು ಇಳಿಯುವ ಒಂದು ಛತ್ರದ ಹಿಂದಿನ ಬಯಲಿನಲ್ಲಿ ಜಾಗ ಕೊಟ್ಟಿದ್ದಾರೆ.

ನೀವಿನ್ನೂ ಸಿಟ್ಟಿನಲ್ಲಿದ್ದೀರಿ ಎಂದು ಗೊತ್ತು. ಆದರೂ ನೆನಪು ಮಾಡಿಕೊಡುತ್ತೇನೆ. ಅಂಗಡಿಯನ್ನು ಮಗನ ಕೈಗೆ ಕೊಟ್ಟಾಗ ಈ ಟ್ರೇಲರು ಮಾಡಿಸಿದವರು ನೀವು. ಎರಡು ಹಾಸಿಗೆ, ಒಲೆ, ನೀರಿನ ಟಾಕಿ, ಗೋಡೆಗೆ ಕಪಾಟು, ಎಲ್ಲ ನಿಂತು ಮಾಡಿಸಿದಿರಿ. "ಇನ್ನ ನಿನಗ ಸಮುದ್ರ ತೋರಸ್ತೀನಿ ನೋಡು" ಅಂದಿರಿ. ಆಮೇಲೆ ಅದನ್ನು ಗೋದಾಮಿನ ಅಂಗಳದಲ್ಲಿ ನಿಲ್ಲಿಸಿ, ಹಾಸಿಗೆಯ ಮೇಲೆ ಕಪ್ಪುಬಶಿಯ ಖೋಕೆ, ರಟ್ಟಿನ ಡಬ್ಬ ತುಂಬಿದಿರಿ. ಒಂದು ವರ್ಷ ಆ ಮನೆ ಗೋದಾಮಾಗಿಯೇ ಇತ್ತು. ನಾನು ಖೋಕೆಗಳನ್ನು ಇಳಿಸಿ, ಕಸ ಗುಡಿಸಿ, ಹೊರಟು ಬಂದೆ. ಬರುವಾಗ ಅಂಗಡಿಯ ಮುಂದಿನ ಕಪಾಟಿನಿಂದ ನೀಲಿ ಅಂಚಿನ ಕಪ್ಪು, ಬಶಿ, ತಾಟಿನ ಸೆಟ್ಟು ತೆಗೆದುಕೊಂಡೆ. ಗಿರಾಕಿಗಳ ಎದುರಿಗೆ ನೀವು "ಅದು ಮಾಲು, ಮನೀ ಸಾಮಾನ ಅಲ್ಲ" ಅಂದಿರಿ. ಅಷ್ಟು ಹೊತ್ತಿಗೆ ನಾನು ಜೀಪಿನಲ್ಲಿ ಕೂತಾಗಿತ್ತು.

ಈಗ ವಿಷಯ. ಸೊಲ್ಲಾಪುರದಿಂದ ಇಲ್ಲಿಗೆ ಬರುವಷ್ಟರಲ್ಲಿ ಎರಡು ಬಶಿ, ಒಂದು ದೊಡ್ಡ ತಾಟು ಒಡೆದಿವೆ. ಕಪಾಟು ತೆರೆದ ಕೂಡಲೇ ಒಂದು ಕಪ್ಪು ನನ್ನ ಕಾಲ ಮೇಲೆಯೇ ಬಿತ್ತು. ಹೀಗಾದರೆ ಕೊಂಕಣ ಮುಟ್ಟುವಷ್ಟರಲ್ಲಿ ಅಂಗೈಯಲ್ಲಿ ಚಹಾ ಕುಡಿಯಬೇಕು. ಜನ್ಮವಿಡೀ ಗಾಜು ಮಾರಿದವರು ನೀವು, ಹೇಗೆ ಇಡಬೇಕು ಹೇಳಿ.

ಸಂಕ್ರಾಂತಿ ಮುಗಿಸಿಕೊಂಡು ಸಮುದ್ರದ ಕಡೆ ಹೊರಡುವವರಿದ್ದೇವೆ. ಮಡಚುವ ಮಂಚವೊಂದು ಖಾಲಿ ಇದೆ. ನೀವು ಬರಬೇಕೆಂದು ನನ್ನ ಆಸೆ. ಬರುತ್ತೀರೋ ಇಲ್ಲವೋ ತಿಳಿಸಿ.

ನೀಲಗಂಗಾ

---

ಸೊಲ್ಲಾಪುರ
27 ನವೆಂಬರ್ 2024

ನೀಲಗಂಗಾ,

ಕಾಗದ ಮುಟ್ಟಿತು. ಒಡೆದ ತಾಟು ಆ ಸೆಟ್ಟಿನದಾದರೆ ಬಿಡಿಯಾಗಿ ಸಿಗುವುದಿಲ್ಲ. ಕಂಪನಿಯವರು ಆ ನಮೂನೆ ಬಂದ್ ಮಾಡಿದ್ದಾರೆ.

ತಾಟುಗಳನ್ನು ಒಂದರ ಮೇಲೊಂದು ಮಲಗಿಸಿ ಇಟ್ಟಿರಬೇಕು. ಮನೆಯಲ್ಲಿ ಸ್ಟೀಲಿನ ತಾಟು ಹಾಗೆ ಇಟ್ಟು ರೂಢಿ. ಗಾಜಿನದನ್ನು ನಿಲ್ಲಿಸಿ ಇಡಬೇಕು, ಸಾಲಿಯ ಹುಡುಗರ ಪುಸ್ತಕ ಇಟ್ಟ ಹಾಗೆ. ಮಲಗಿಸಿದರೆ ಗಾಡಿ ಕುಣಿದಾಗ ಮೇಲಿನ ಭಾರವೆಲ್ಲ ಕೆಳಗಿನದರ ಮೇಲೆ ಬೀಳುತ್ತದೆ. ಎರಡರ ನಡುವೆ ಕಾಗದ ಇರಲಿ. ಲೋಟದೊಳಗೆ ಲೋಟ ತೂರಿಸಬಾರದು. ಕಚ್ಚಿಕೊಂಡರೆ ತೆಗೆಯುವಾಗಲೇ ಒಡೆಯುತ್ತದೆ.

ಎಲ್ಲಿ ಇಟ್ಟಿದ್ದೀಯ ಎಂದು ಬರೆದಿಲ್ಲ. ಹಿಂದಿನ ಕಪಾಟಿನಲ್ಲಾದರೆ ತಪ್ಪು. ಟ್ರೇಲರಿನ ಹಿಂದಿನ ತುದಿ ಎತ್ತಿನ ಬಾಲದ ಹಾಗೆ ಬಡಿದಾಡುತ್ತದೆ. ಚಕ್ರದ ಅಚ್ಚಿನ ಮೇಲೆ, ನೆಲಕ್ಕೆ ಹತ್ತಿರ ಇಡು. ಮೇಲಿನ ಕಪಾಟಿನಲ್ಲಿ ಅರಿವೆ, ಹಪ್ಪಳ, ಹಗುರವಾದದ್ದು ಏನಾದರೂ ಇರಲಿ. ಗಾಡಿ ನಿಂತ ಮೇಲೆ ಕಪಾಟಿನ ಬಾಗಿಲನ್ನು ಒಮ್ಮೆಲೇ ತೆರೆಯಬಾರದು. ಒಳಗಿನ ಸಾಮಾನು ಬಾಗಿಲಿಗೆ ಆತು ನಿಂತಿರುತ್ತದೆ. ಒಂದು ಕೈ ಅಡ್ಡ ಹಿಡಿದು ತೆರೆ.

ಲಗ್ನಸರಾಯಿ ಶುರುವಾಗಿದೆ, ದಿನಾ ಒಂದಲ್ಲ ಒಂದು ಮದುವೆ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಗುರುಸಿದ್ಧ ಗಲ್ಲೆಯ ಮೇಲೆ ಕೂರುತ್ತಾನೆ, ಆದರೆ ಮಾಲು ಕಟ್ಟುವುದು ಅವನಿಗೆ ಬರುವುದಿಲ್ಲ. ಪೂನಮ ಮನೆ ನೋಡಿಕೊಳ್ಳುತ್ತಿದ್ದಾಳೆ. ಅಕ್ಕನಿಗೆ ಮೊಣಕಾಲಿನ ಎಣ್ಣೆ ಹಚ್ಚಿಕೊಳ್ಳಲು ಹೇಳು.

ಸಿದ್ದಣ್ಣ

---

ಮೈಂದರ್ಗಿ
9 ಡಿಸೆಂಬರ್ 2024

ಗುರುಸಿದ್ಧನ ಅಪ್ಪನವರಿಗೆ ಶರಣು.

ಛತ್ರದ ಬಯಲಿನಲ್ಲಿ ಬಸ್ಸುಗಳ ಗದ್ದಲ ಹೆಚ್ಚಾಯಿತು. ಸೈದಪ್ಪನ ಊರಾದ ಮೈಂದರ್ಗಿಗೆ ಬಂದು ಅವನ ಹೊಲದಲ್ಲಿ ನಿಂತಿದ್ದೇವೆ. ನಿಮ್ಮ ಕಾಗದವನ್ನು ಕಸ್ತೂರಕ್ಕನಿಗೆ ಓದಿ ಹೇಳಿದೆ. "ತಾಟಿಗೆ ಇಷ್ಟು ಸಾಲು, ನಿನಗ ಒಂದ ಸಾಲೂ ಇಲ್ಲಲ್ಲೇ" ಅಂದರು. ನಾನು ನಕ್ಕೆ. ಆದರೆ ನಿಜಕ್ಕೂ ಹುಡುಕಿದೆ, ಇರಲಿಲ್ಲ.

ತಾಟುಗಳನ್ನು ನಿಲ್ಲಿಸಿದೆ. ಚಕ್ರದ ಮೇಲಿರುವ, ನೆಲಕ್ಕೆ ಹತ್ತಿರದ ಕಪಾಟಿಗೆ ತಂದೆ. ಇದಿಷ್ಟೂ ನೀವು ಹೇಳಿದ ಹಾಗೆಯೇ. ಆದರೂ ಇಲ್ಲಿಗೆ ಬರುವಾಗ ಒಂದು ಕಪ್ಪಿನ ಕಿವಿ ಮುರಿಯಿತು. ಅದು ಅಕ್ಕನ ಕೆಲಸ. ಜಾಗ ಉಳಿಸಲೆಂದು ಗಾಜಿನ ಪಕ್ಕದಲ್ಲೇ ಅವಲಕ್ಕಿಯ ಸ್ಟೀಲ್ ಡಬ್ಬಿ ನೂಕಿದ್ದರು. ದಾರಿಯುದ್ದಕ್ಕೂ ಡಬ್ಬಿ ಕಪ್ಪನ್ನು ಗುದ್ದಿದೆ. ಈಗ ಸ್ಟೀಲೆಲ್ಲ ಒಂದು ಕಡೆ, ಗಾಜೆಲ್ಲ ಇನ್ನೊಂದು ಕಡೆ.

ಆ ಕಿವಿ ಮುರಿದ ಕಪ್ಪನ್ನು ಸೈದಪ್ಪ ಎಸೆಯಲು ಹೋದ. ನಾನು ರೂಢಿಯಂತೆ ಕೈ ಚಾಚಿ "ಕೊಡು, ನನಗಿರಲಿ" ಅಂದೆ. ಅಂದ ಮೇಲೆ ನನಗೇ ನಾಚಿಕೆಯಾಯಿತು. ಲಗ್ನವಾಗಿ ನಿಮ್ಮ ಮನೆಗೆ ಬಂದ ಮೇಲೆ ನಾನು ಚಹಾ ಕುಡಿದದ್ದೆಲ್ಲ ಇಂಥವುಗಳಲ್ಲೇ. ಅಂಚು ಹಾರಿದ್ದು, ಬಣ್ಣ ಹರಡಿದ್ದು, ಗಿರಾಕಿ ಬೇಡವೆಂದು ತಿರುಗಿಸಿದ್ದು. ಚೆನ್ನಾಗಿದ್ದದ್ದು ಮಾಲು. ಸೊಲ್ಲಾಪುರದ ಅರ್ಧ ಊರಿನ ಲಗ್ನದ ಊಟ ನಮ್ಮ ತಾಟಿನಲ್ಲಾಗಿದೆ, ನಮ್ಮ ಊಟ ಮಾತ್ರ ಸ್ಟೀಲಿನಲ್ಲಿ. ಇದರ ಬಗ್ಗೆ ನಾನು ಎಂದೂ ದೂರು ಹೇಳಿಲ್ಲ. ಈಗ ಹೇಳುತ್ತಿದ್ದೇನೆ.

ಸೈದಪ್ಪನಿಗೆ ಆ ಕಪ್ಪನ್ನು ಎಸೆಯಲು ಕೊಟ್ಟೆ. ನೀಲಿ ಅಂಚಿನ ಒಳ್ಳೆಯ ಕಪ್ಪಿನಲ್ಲಿ ಚಹಾ ಸೋಸಿಕೊಂಡು ಹೊಲದ ಬದುವಿನ ಮೇಲೆ ಕೂತು ಕುಡಿದೆ. ತೊಗರಿ ಕಾಯಿ ಕಟ್ಟಿತ್ತು. ಚಹಾದ ರುಚಿ ಏನೂ ಬೇರೆ ಇರಲಿಲ್ಲ, ಆದರೆ ನನಗೆ ಸಂತೋಷವಾಯಿತು.

ನೀವು ಬರುತ್ತೀರೋ ಇಲ್ಲವೋ ಬರೆದಿಲ್ಲ. ಮತ್ತೆ ಕೇಳುತ್ತಿದ್ದೇನೆ.

ನೀಲಗಂಗಾ

---

ಸೊಲ್ಲಾಪುರ
20 ಡಿಸೆಂಬರ್ 2024

ನೀಲಗಂಗಾ,

ಸೈದಪ್ಪ ಜೀಪಿನ ಕೆಲಸಕ್ಕೆ ಇಲ್ಲಿಗೆ ಬಂದಿದ್ದ. ಅವನ ಕೈಯಲ್ಲಿ ಒಂದು ಪೆಟ್ಟಿಗೆ ಕಳಿಸಿದ್ದೇನೆ. ಅದರಲ್ಲಿ ಬಿಳಿಯ ಸೆಟ್ಟು ಇದೆ, ಲೋಟಗಳೂ ಇವೆ. ಒಂದರಲ್ಲೂ ದೋಷವಿಲ್ಲ, ನಾನೇ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದ್ದೇನೆ. ಕಟ್ಟಿದ್ದೂ ನಾನೇ. ಎರಡನೆಯ ಮಹಡಿಯಿಂದ ಬಿಸಾಡಿದರೂ ಏನೂ ಆಗುವುದಿಲ್ಲ.

ನೀನು ಬರೆದದ್ದು ಓದಿದೆ. ನೀನು ಯಾವ ಕಪ್ಪಿನಲ್ಲಿ ಚಹಾ ಕುಡಿಯುತ್ತಿದ್ದೆ ಎಂದು ನಾನು ನೋಡಿರಲಿಲ್ಲ. ನಮ್ಮ ಅವ್ವನೂ ಹಾಗೆಯೇ ಕುಡಿಯುತ್ತಿದ್ದಳು. ಗಾಜಿನ ವ್ಯಾಪಾರದವರ ಮನೆಯಲ್ಲಿ ಹಾಗೇ ಎಂದು ತಿಳಿದಿದ್ದೆ.

ಸಮುದ್ರದ ವಿಷಯ. ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಮಾರ್ಚಿನವರೆಗೆ ಲಗ್ನಗಳಿವೆ. ಗುರುಸಿದ್ಧನೊಬ್ಬನಿಗೆ ಬಿಟ್ಟರೆ ಹುಲ್ಲು ಹಾಕದೆ ಮಾಲು ಕಟ್ಟಿ ಕಳಿಸುತ್ತಾನೆ.

ಸಿದ್ದಣ್ಣ

---

ಮೈಂದರ್ಗಿ
3 ಜನವರಿ 2025

ಗುರುಸಿದ್ಧನ ಅಪ್ಪನವರಿಗೆ ಶರಣು.

ಪೆಟ್ಟಿಗೆ ಬಂತು. ಒಡೆಯದೆ ಬಂತು, ಅದರಲ್ಲಿ ಸಂಶಯವಿಲ್ಲ. ನಾವು ಮೂವರೂ ಅದರ ಮುಂದೆ ಕೂತು ಸೋತೆವು.

ಮೊದಲು ಹುರಿ. ಹುರಿಯ ಗಂಟು ಬಿಚ್ಚಲಿಲ್ಲ. ಸೈದಪ್ಪ ಒಂದು ಸುತ್ತು ತಿರುಗಿ ನೋಡಿ, "ಅವ್ವಾರ, ಸಾವ್ಕಾರ್ರು ಕಟ್ಟಿದ್ದು ಬಿಚ್ಚಾಕ ಕುಡಗೋಲ ಬೇಕರಿ" ಅಂದ. ಕುಡುಗೋಲು ತಂದ. ಹುರಿಯ ಕೆಳಗೆ ಗೋಣಿತಟ್ಟು, ಅದರ ಕೆಳಗೆ ಹಲಗೆ, ಹಲಗೆಗೆ ಮೊಳೆ. ಒಳಗೆ ಒತ್ತಿ ತುಂಬಿದ ಭತ್ತದ ಹುಲ್ಲು. ಹುಲ್ಲಿನೊಳಗೆ ಮರಾಠಿ ಪೇಪರಿನ ಮೂರು ಮೂರು ಸುತ್ತು. ಒಂದು ಕಪ್ಪು ಕೈಗೆ ಬರುವಷ್ಟರಲ್ಲಿ ಒಲೆಯ ಮೇಲಿನ ಚಹಾ ಬತ್ತಿಹೋಗಿತ್ತು. ಟ್ರೇಲರಿನ ತುಂಬ ಹುಲ್ಲು. "ಯವ್ವಾ, ಇದೇನ ದನದ ಕೊಟ್ಟಿಗಿ ಆತಲ್ಲೇ" ಅಂತ ಅಕ್ಕ ಸೀನುತ್ತಾ ಹೊರಗೆ ಹೋದರು. ಕುಡಿದಾದ ಮೇಲೆ ಮತ್ತೆ ಅದೇ ರೀತಿ ಕಟ್ಟಬೇಕೇ? ಮಧ್ಯಾಹ್ನದ ಚಹಾಕ್ಕೆ ಮತ್ತೆ ಬಿಚ್ಚಬೇಕೇ?

ನೀವು ಕಟ್ಟಿದ್ದು ಒಮ್ಮೆ ಹೋಗಿ ಮುಟ್ಟಬೇಕಾದ ಮಾಲು. ನಮಗೆ ಬೇಕಾದದ್ದು ದಿನಾ ತೆಗೆದು ದಿನಾ ಇಡುವ ಸಾಮಾನು. ನಿಮಗೆ ಗಾಜು ಕಳಿಸುವುದು ಗೊತ್ತು, ಅದರೊಡನೆ ಇರುವುದು ಗೊತ್ತಿಲ್ಲ. ಕೊಂಕು ನುಡಿಯುತ್ತಿಲ್ಲ, ನನಗೂ ಗೊತ್ತಿರಲಿಲ್ಲ.

ನಾನು ಹೀಗೆ ಮಾಡಿದೆ. ಹಾಸಿಗೆಯ ಮೇಲಿನ ಹಳೆಯ ಸೊಲ್ಲಾಪುರಿ ಚಾದರವನ್ನು ಹರಿದು ಪಟ್ಟಿ ಮಾಡಿದೆ. ಕಪಾಟಿನ ತಳಕ್ಕೆ ಎರಡು ಮಡಿಕೆ ಹಾಸಿದೆ. ಆ ದಪ್ಪ ನೇಯ್ಗೆಯ ಮೇಲೆ ತಾಟು ಜಾರುವುದಿಲ್ಲ. ಪ್ರತಿ ತಾಟಿಗೂ ಒಂದೊಂದು ಚೀಲ ಹೊಲಿದೆ, ದಿಂಬಿನ ಗಲೀಫಿನ ಹಾಗೆ. ಲೋಟಗಳಿಗೆ ಪೂನಮಳ ಹಳೆಯ ಕಾಲುಚೀಲ. ತೊಳೆದಿದ್ದೇನೆ, ಚಿಂತೆ ಮಾಡಬೇಡಿ. ಕಪ್ಪುಗಳನ್ನು ಹಗ್ಗದ ಜಾಳಿಗೆಯಲ್ಲಿ ಹಾಕಿ ತೂಗುಬಿಟ್ಟೆ, ಗೋಡೆಗೆ ತಗಲದಷ್ಟು ದೂರ. ಮೈಂದರ್ಗಿಯಿಂದ ಅಕ್ಕಲಕೋಟೆಗೆ ಬೇಕೆಂದೇ ಹೋಗಿ ಬಂದೆವು, ಕೆಟ್ಟ ರಸ್ತೆಯಲ್ಲಿ. ಒಂದೂ ಒಡೆಯಲಿಲ್ಲ. ತೆಗೆಯುವುದೂ ಸಲೀಸು.

ಈ ತಿಂಗಳ ಮೂವತ್ತಕ್ಕೆ ಹೊರಡುತ್ತೇವೆ. ಟ್ರೇಲರು ಪೇಟೆಯೊಳಗೆ ಬರುವುದಿಲ್ಲ, ಅಂಗಡಿಯ ಮುಂದೆಯಂತೂ ಬರುವುದೇ ಇಲ್ಲ. ಊರ ಹೊರಗೆ ಮಂಗಳವೇಢೆಯ ರಸ್ತೆ ಕೂಡುವ ನಾಕಾದಲ್ಲಿ ಬೆಳಿಗ್ಗೆ ನಿಲ್ಲುತ್ತೇವೆ. ನೀವೇ ಅಲ್ಲಿಗೆ ಬನ್ನಿ. ನೀವಿಲ್ಲದೆ ಸಮುದ್ರ ನೋಡಿದರೆ ನೋಡಿದ ಹಾಗಾಗುತ್ತದೆ, ಆದರೆ ನನಗೆ ನಿಮ್ಮ ಜೊತೆ ನೋಡಬೇಕಾಗಿದೆ.

ನೀಲಗಂಗಾ

---

ಸೊಲ್ಲಾಪುರ
16 ಜನವರಿ 2025

ನೀಲಗಂಗಾ,

ಜಾಳಿಗೆ ಒಳ್ಳೆಯ ಯುಕ್ತಿ. ನನಗೆ ಹೊಳೆದಿರಲಿಲ್ಲ. ಕಪಾಟಿನ ಬಾಗಿಲಿಗೆ ಆಯಸ್ಕಾಂತದ ಚಿಲಕವಿದ್ದರೆ ನಂಬಬೇಡ, ಅಡ್ಡಪಟ್ಟಿ ಕೂಡಿಸು.

ಹಬ್ಬದ ದಿನ ಅಂಗಡಿಯಿಂದ ಮೂರು ಗಾಜಿನ ತಾಟು ತಂದು ಮನೆಯಲ್ಲಿ ಊಟಕ್ಕೆ ಹಾಕಿಸಿದೆ. ಪೂನಮ ಇವತ್ತೇನು ವಿಶೇಷ ಎಂದು ಮರಾಠಿಯಲ್ಲಿ ಕೇಳಿದಳು. ಏನಿಲ್ಲ ಅಂದೆ. ಗುರುಸಿದ್ಧ ತಾಟು ತಿರುಗಿಸಿ ಹಿಂದಿನ ದರದ ಚೀಟಿ ನೋಡಿದ. ನಾನೂ ಅದನ್ನೇ ನೋಡುತ್ತಿದ್ದೆ. ಸಜ್ಜಿರೊಟ್ಟಿ ಮುರಿಯುವಾಗ ಕೈ ಹೆದರುತ್ತಿತ್ತು. ಊಟ ಸರಿಯಾಗಿ ಇಳಿಯಲಿಲ್ಲ. ಮರುದಿನ ಸ್ಟೀಲಿನಲ್ಲೇ ಉಂಡೆ.

ಮೂವತ್ತನೆಯ ತಾರೀಖು ಗೊತ್ತಾಯಿತು. ಈಗಲೇ ಏನೂ ಹೇಳಲಾಗದು. ಅಂಗಡಿಯ ಪರಿಸ್ಥಿತಿ ನೋಡಿ ನಿರ್ಧರಿಸುತ್ತೇನೆ.

ಸಿದ್ದಣ್ಣ

---

ನಂದೇಶ್ವರ
4 ಫೆಬ್ರವರಿ 2025

ಗುರುಸಿದ್ಧನ ಅಪ್ಪನವರಿಗೆ ಶರಣು.

ನೀವು ಬರಲಿಲ್ಲ.

ನಾಕಾದಲ್ಲಿ ಬಿಸಿಲೇರುವವರೆಗೂ ನಿಂತಿದ್ದೆವು. ಪೇಟೆಯ ಕಡೆಯಿಂದ ಬಂದ ಪ್ರತಿ ರಿಕ್ಷಾ ನೋಡಿದೆ. ಒಂದರಲ್ಲಿ ಬಿಳಿ ಟೊಪ್ಪಿಗೆಯವರೊಬ್ಬರು ಇಳಿದಾಗ ಎದ್ದುನಿಂತೆ. ಅವರು ಬೇರೆ ಯಾರೋ. ಅಕ್ಕ "ಫೋನ ಮಾಡಲೇ, ಹುಚ್ಚಿ, ಎಲ್ಲಿ ಬಂದಾನ ಕೇಳು" ಅಂದರು. ಮಾಡಲಿಲ್ಲ. ಮಾಡಿದ್ದರೆ ಹಿಂದಿನಿಂದ ಯಾರೋ ದರ ಕೇಳುವುದು ಕೇಳಿಸುತ್ತಿತ್ತು. ಅದನ್ನು ಆ ಹೊತ್ತಿನಲ್ಲಿ ಕೇಳಲು ನನ್ನಿಂದಾಗುತ್ತಿರಲಿಲ್ಲ.

ಹೊರಟ ಮೇಲೆ ಮಂಗಳವೇಢೆಯ ತನಕ ಅತ್ತೆ. ನಿಮಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ, ಮರುಕ ಬರಲಿ ಎಂದಲ್ಲ. ಅಲ್ಲಿ ಹಸಿವಾಯಿತು. ಮೂವರೂ ಬದನೆಕಾಯಿ ಪಲ್ಯ ರೊಟ್ಟಿ ತಿಂದೆವು. ಗಾಜಿನ ತಾಟಿನಲ್ಲೇ ತಿಂದೆವು.

ಈಗ ಸೈದಪ್ಪನ ಅಕ್ಕನ ಊರು ನಂದೇಶ್ವರದಲ್ಲಿದ್ದೇವೆ. ಚಕ್ರದ ಬೇರಿಂಗ್ ಹೋಗಿದೆ. ಟ್ರೇಲರಿನ ಅಳತೆಯದು ಇಲ್ಲಿ ಸಿಗುವುದಿಲ್ಲವಂತೆ, ಹೊರಗಿನಿಂದ ಬರಬೇಕು. ಅದು ಬರುವ ತನಕ ಇಲ್ಲೇ. ಚಕ್ರ ಅಷ್ಟು ಬಡಿದಾಡಿದರೂ ಕಪಾಟಿನಲ್ಲಿ ಒಂದೂ ಒಡೆದಿಲ್ಲ. ಆ ಬಗ್ಗೆ ಇನ್ನು ನೀವು ಬರೆಯುವುದು ಏನೂ ಉಳಿದಿಲ್ಲ.

ನಾನು ಸಮುದ್ರ ನೋಡಿಯೇ ತಿರುಗಿ ಬರುವವಳು. ನಿಮ್ಮನ್ನು ಮೂರು ಸಲ ಕರೆದೆ. ಇನ್ನು ಕರೆಯುವುದಿಲ್ಲ.

ನೀಲಗಂಗಾ

---

ಸೊಲ್ಲಾಪುರ
10 ಫೆಬ್ರವರಿ 2025

ನೀಲಗಂಗಾ,

ನಾನು ಬಂದಿದ್ದೆ.

ನಾಕಾದಲ್ಲಿ ನೀವು ನಿಂತ ಕಡೆಯಲ್ಲ, ರಸ್ತೆಯ ಆಚೆಗೆ, ಪೆಟ್ರೋಲ್ ಪಂಪಿನ ಹತ್ತಿರ. ನಿಮಗಿಂತ ಮೊದಲೇ ಬಂದಿದ್ದೆ. ಕೈಯಲ್ಲಿ ಚೀಲವಿತ್ತು. ಎರಡು ಧೋತರ, ಅಂಗಿ, ಬಿಪಿ ಮಾತ್ರೆ. ಹಿಂದಿನ ದಿನವೇ ಗುರುಸಿದ್ಧನಿಗೆ ಹೇಳಿದ್ದೆ. ಅವನು "ಜಾ ಬಾಬಾ, ಜಾ" ಎಂದು ನನ್ನನ್ನು ಹೆಚ್ಚುಕಡಿಮೆ ನೂಕಿದ. ನಾನಿಲ್ಲದಿದ್ದರೆ ಅಂಗಡಿ ನಿಂತುಹೋಗುತ್ತದೆ ಎಂದು ಅವನಿಗೆ ಅನಿಸಿದಂತೆ ಕಾಣಲಿಲ್ಲ.

ಜೀಪು ಬಂತು. ನೀನು ಇಳಿದು ಟ್ರೇಲರಿನ ಬಾಗಿಲು ತೆರೆದೆ. ಚಹಾ ಮಾಡಿದೆ. ಸೈದಪ್ಪನಿಗೆ ಕೊಟ್ಟೆ, ಅಲ್ಲೇ ಹೂವು ಮಾರುವವಳಿಗೂ ಒಂದು ಕಪ್ಪು ಕೊಟ್ಟೆ. ಅಕ್ಕ ಏನೋ ಅಂದಳು. ನೀನು ನಕ್ಕೆ. ಬಾಯಿಗೆ ಸೆರಗು ಹಿಡಿಯದೆ, ತಲೆ ಹಿಂದಕ್ಕೆ ಹಾಕಿ ನಕ್ಕೆ. ರಸ್ತೆಯ ಆಚೆ ನಿಂತ ನನಗೂ ಕೇಳಿಸಿತು.

ಆಗ ನಾನು ಹೆಜ್ಜೆ ಎತ್ತಿದವನು ನಿಂತೆ. ನಾನು ದಾಟಿದರೆ ಆ ನಗು ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಎಷ್ಟೋ ಸಂಜೆ ಮೆಟ್ಟಿಲು ಹತ್ತುವಾಗ ಮೇಲೆ ನೀನು, ಅಕ್ಕ, ಪೂನಮ ನಗುವುದು ಕೇಳುತ್ತಿತ್ತು. ನಾನು ಚಪ್ಪಲಿ ಬಿಡುವಷ್ಟರಲ್ಲಿ ನಿಲ್ಲುತ್ತಿತ್ತು. ಯಾಕೆ ಎಂದು ನಾನು ಕೇಳಿಲ್ಲ. ನಾಕಾದಲ್ಲಿಯೂ ಹಾಗೇ ಆಗಿದ್ದರೆ ನನಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಆಮೇಲೆ ನೀನು ಪೇಟೆಯ ಕಡೆ ನೋಡುತ್ತ ಕೂತೆ. ಆಗಲಾದರೂ ಬರಬೇಕಿತ್ತು. ಅಷ್ಟು ಹೊತ್ತು ನಿಂತು ನೋಡಿದವನು ಯಾವ ಮುಖ ಹೊತ್ತು ಬರಲಿ? ಹೆದರಿದೆ. ಅಷ್ಟೇ ಕಾರಣ. ಲಗ್ನಸರಾಯಿ ಅಲ್ಲ.

ನೀವು ಹೋದ ಮೇಲೆ ಅಂಗಡಿಗೂ ಹೋಗಲಿಲ್ಲ. ಕೆರೆಯ ದಂಡೆಗೆ ಹೋಗಿ ಕೂತೆ.

ನೀನು ಇನ್ನು ಕರೆಯುವುದಿಲ್ಲ ಎಂದು ಬರೆದಿದ್ದೀಯ. ಸರಿಯೇ. ಕರೆಯದಿದ್ದರೂ ಬರಬಹುದೇ? ನಾನಿದ್ದರೆ ನೀನು ನಗುವುದಿಲ್ಲ ಎಂದಾದರೆ ಹಾಗೆಂದು ಬರೆ, ಬರುವುದಿಲ್ಲ. ನೀನು ನೆಮ್ಮದಿಯಿಂದ ಸಮುದ್ರ ನೋಡಿಕೊಂಡು ಬಾ.

ಸಿದ್ದಣ್ಣ

---

ನಂದೇಶ್ವರ
13 ಫೆಬ್ರವರಿ 2025

ಗುರುಸಿದ್ಧನ ಅಪ್ಪನವರಿಗೆ,

ಸೈದಪ್ಪನ ಭಾವ ನಾಳೆ ಸೊಲ್ಲಾಪುರಕ್ಕೆ ಬರುತ್ತಾರೆ. ಅವರ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ, ಅಂಚೆಯಲ್ಲಿ ತಡವಾಗುತ್ತದೆ.

ನಿಮ್ಮ ಕಾಗದ ಓದಿ ಮೊದಲು ಸಿಟ್ಟು ಬಂತು. ಅಷ್ಟು ಹತ್ತಿರ ನಿಂತು ನನ್ನನ್ನು ಅಷ್ಟು ಹೊತ್ತು ಕಾಯಿಸಿದಿರಲ್ಲ. ಈ ಸಲ ಅಕ್ಕನಿಗೆ ಓದಿ ಹೇಳಲಿಲ್ಲ. ಇದು ನನಗೆ ಬರೆದ ಕಾಗದ.

ನೀವು ದಾಟಿ ಬಂದಿದ್ದರೆ ನಗು ನಿಲ್ಲುತ್ತಿತ್ತು. ಸುಳ್ಳು ಹೇಳುವುದಿಲ್ಲ. ನಗು ನಿಲ್ಲಿಸಿ, "ಇಷ್ಟೊತ್ತು ಎಲ್ಲಿ ಹೋಗಿದ್ರಿ" ಎಂದು ನಾಲ್ಕು ಜನರೆದುರು ಬೈಯುತ್ತಿದ್ದೆ. ಅಂದೂ ಇಂದೂ ಕೂಡಿಸಿ ಬೈಯುತ್ತಿದ್ದೆ. ಅದಾದ ಮೇಲೆ ಮತ್ತೆ ನಗುತ್ತಿದ್ದೆ. ಮನೆಯಲ್ಲಿಯೂ ಯಾವಾಗಲೂ ಹಾಗೇ ಆಗುತ್ತಿತ್ತು. ನಿಮಗೆ ಗೊತ್ತಾಗಲಿಲ್ಲ, ಯಾಕೆಂದರೆ ನಾನು ಬೈಯಲು ಶುರುಮಾಡಿದ ಕೂಡಲೇ ನೀವು ಅಂಗಡಿಗೆ ಇಳಿದುಹೋಗುತ್ತಿದ್ದಿರಿ.

ಸೋಮವಾರ ಬೇರಿಂಗ್ ಕೂಡಿಸುತ್ತಾರೆ. ಅದಕ್ಕೆ ಮೊದಲು ಬನ್ನಿ. ಬೈಸಿಕೊಳ್ಳಲು ಹೊತ್ತು ಇಟ್ಟುಕೊಂಡು ಬನ್ನಿ.

ನೀಲಗಂಗಾ